ನಿಮ್ಮ ಫೋನಿಗೆ ಟೈಮ್ ಹೇಳೋರು ಯಾರು? ಕಡೂರು–ತರೀಕೆರೆ ಬೈಕ್ ಲೆಕ್ಕದಲ್ಲಿ ಕ್ಲಾಕ್ ಸಿಂಕ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಬೀರೂರು ಜಂಕ್ಷನ್‌ನಲ್ಲಿ ಇಯರ್‌ಫೋನ್ ಹಾಕ್ಕೊಂಡು ರೈಲಿಗೆ ಕಾಯ್ತಿರೋರಿಗೆ, ಅಜ್ಜಂಪುರದ ಈರುಳ್ಳಿ ಹೊಲದ ಬದುವಿನ ಮೇಲೆ ಕೂತಿರೋರಿಗೆ, ಕಡೂರಿನ ತೆಂಗಿನ ತೋಟದಲ್ಲಿ ಡ್ರಿಪ್ ಪೈಪ್ ಸರಿಮಾಡ್ತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತು ಒಂದು ಸಣ್ಣ ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಫೋನಲ್ಲಿ ಗೇಮ್ ಆಡುವಾಗ ‘ಲೈಫ್’ ಮುಗಿದ್ರೆ ಕಾಯ್ಬೇಕಲ್ವಾ? ಕಾಯೋ ತಾಳ್ಮೆ ನನಗಿರಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಡೇಟ್ ಅನ್ನು ಒಂದು ದಿನ ಮುಂದಕ್ಕೆ ಹಾಕ್ತಿದ್ದೆ. ಲೈಫ್ ಎಲ್ಲ ವಾಪಸ್ ಬರ್ತಿತ್ತು. ಒಂದು ಸಲ ಮಾತ್ರ ಡೇಟ್ ವಾಪಸ್ ಹಾಕೋದು ಮರೆತುಹೋಯ್ತು. ಮರುದಿನ ಬಸ್ ಸ್ಟ್ಯಾಂಡ್‌ನಲ್ಲಿ ನಿಂತು ನೋಡಿದ್ರೆ ವಾಟ್ಸಾಪ್ ಓಪನ್ ಆಗ್ತಿಲ್ಲ, ಬ್ರೌಸರ್ ‘ಈ ಸಂಪರ್ಕ ಸುರಕ್ಷಿತವಲ್ಲ’ ಅಂತಿದೆ, ಬ್ಯಾಂಕ್ ಆ್ಯಪ್ ಸುತ್ತುತ್ತಾ ಕೂತಿದೆ. ನೆಟ್‌ವರ್ಕ್ ಬೈದೆ, ಫೋನ್ ಬೈದೆ, ಎರಡು ಸಲ ರೀಸ್ಟಾರ್ಟ್ ಮಾಡಿದೆ. ತಪ್ಪು ನಂದೇ ಆಗಿತ್ತು.

ನಿಮ್ಮಲ್ಲೂ ಎಷ್ಟೋ ಜನ ಇದನ್ನು ಮಾಡಿರ್ತೀರಿ, ನನಗೆ ಗೊತ್ತು. ಅದಕ್ಕೇ ಇವತ್ತಿನ ವಿಷಯ: ಫೋನ್, ಲ್ಯಾಪ್‌ಟಾಪ್, ಸಿಸಿಟಿವಿ, ಇವಕ್ಕೆಲ್ಲ ಟೈಮ್ ಎಲ್ಲಿಂದ ಬರುತ್ತೆ? ಅದು ತಪ್ಪಿದ್ರೆ ಏನಾಗುತ್ತೆ? ಸರಿ ಮಾಡೋದು ಹೇಗೆ?

ಕಡೂರಿನ ಮಧ್ಯಾಹ್ನ 12 ಗಂಟೆಗೆ ಆಗಲ್ಲ

ಮೊದಲು ಒಂದು ತಮಾಷೆ. ನಮ್ಮ ದೇಶದ ಅಧಿಕೃತ ಸಮಯ, ಅಂದ್ರೆ ಭಾರತೀಯ ಕಾಲಮಾನ, 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತೆ. ಕಡೂರು, ಅಜ್ಜಂಪುರ ಇರೋದು ಸುಮಾರು 76 ಡಿಗ್ರಿಯಲ್ಲಿ. ತರೀಕೆರೆ ಇನ್ನೂ ಸ್ವಲ್ಪ ಪಶ್ಚಿಮಕ್ಕೆ. ಭೂಮಿ ಒಂದು ಡಿಗ್ರಿ ತಿರುಗೋಕೆ 4 ನಿಮಿಷ ಬೇಕು. ಆರೂವರೆ ಡಿಗ್ರಿ ಅಂದ್ರೆ 26 ನಿಮಿಷ. ಹಾಗಾಗಿ ಕಡೂರಲ್ಲಿ ಸೂರ್ಯ ನೆತ್ತಿಯ ದಾರಿಗೆ ಬರೋದು ಸರಾಸರಿ 12 ಗಂಟೆ 26 ನಿಮಿಷದ ಹೊತ್ತಿಗೆ. ಹಳೆಯ ಲೆಕ್ಕದಲ್ಲಿ ಒಂದು ಗಳಿಗೆ ಅಂದ್ರೆ 24 ನಿಮಿಷ. ಅಂದ್ರೆ ನಮ್ಮ ಸೂರ್ಯ ಸರ್ಕಾರಿ ಗಡಿಯಾರಕ್ಕಿಂತ ಒಂದು ಗಳಿಗೆಗೂ ಸ್ವಲ್ಪ ಜಾಸ್ತಿ ಲೇಟು.

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಅಮೃತೇಶ್ವರ ದೇವಸ್ಥಾನ ಕಟ್ಟಿದ ಕಾಲಕ್ಕೆ ಇದೊಂದು ಸಮಸ್ಯೆಯೇ ಅಲ್ಲ. ಪ್ರತಿ ಊರಿಗೂ ಅದರದ್ದೇ ಮಧ್ಯಾಹ್ನ. ಸಮಸ್ಯೆ ಆಗಿದ್ದು ರೈಲು ಬಂದ ಮೇಲೆ. ಒಂದೇ ಹಳಿ ಮೇಲೆ ಎರಡು ಕಡೆಯಿಂದ ರೈಲು ಬರುವಾಗ, ಎರಡು ಸ್ಟೇಷನ್‌ನ ಗಡಿಯಾರ ಬೇರೆ ಬೇರೆ ಹೇಳಿದ್ರೆ ಕಷ್ಟ. ಅದಕ್ಕೆ ರೈಲ್ವೆಗಳು ಮದ್ರಾಸ್ ಸಮಯ ಇಟ್ಕೊಂಡವು. ಆಮೇಲೆ 1906ರ ಜನವರಿ 1ರಿಂದ ಭಾರತೀಯ ಕಾಲಮಾನ ಬಂತು: ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದೆ.

ರೈಲ್ವೆಯ ಸಾಮಾನ್ಯ ನಿಯಮಗಳಲ್ಲಿ ಇವತ್ತಿಗೂ ಒಂದು ಸಾಲಿದೆ: ಪ್ರತಿದಿನ 16 ಗಂಟೆಗೆ, ಅಂದ್ರೆ ಸಂಜೆ 4ಕ್ಕೆ, ಮುಖ್ಯ ಸ್ಟೇಷನ್‌ಗಳಿಗೆ ಸರಿಯಾದ ಸಮಯ ರವಾನೆ ಆಗಬೇಕು. ಮೇಲಿನವರು ಕೆಳಗಿನವರಿಗೆ ಹೇಳ್ತಾರೆ, ಅವರು ತಮ್ಮ ಗಡಿಯಾರ ತಿದ್ದಿಕೊಳ್ತಾರೆ. ಈ ಚಿತ್ರ ನೆನಪಿಟ್ಕೊಳ್ಳಿ. ನಿಮ್ಮ ಫೋನ್ ಮಾಡೋದೂ ಇದನ್ನೇ.

ಗಡಿಯಾರ ಯಾಕೆ ತಪ್ಪುತ್ತೆ?

ಫೋನ್ ಒಳಗೂ, ಕ್ವಾರ್ಟ್ಜ್ ವಾಚ್ ಒಳಗೂ ಒಂದು ಸಣ್ಣ ಹರಳು ಇರುತ್ತೆ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಆ ಕಂಪನ ಎಣಿಸಿ ಒಂದು ಸೆಕೆಂಡ್ ಲೆಕ್ಕ ಹಾಕ್ತಾರೆ. ಆದ್ರೆ ಹರಳು ಬಿಸಿಗೆ, ತಂಪಿಗೆ, ವಯಸ್ಸಿಗೆ ಸ್ವಲ್ಪ ಸ್ವಲ್ಪ ಬದಲಾಗುತ್ತೆ. ಹತ್ತು ಲಕ್ಷಕ್ಕೆ 20 ಭಾಗದಷ್ಟು ತಪ್ಪು ಅಂದ್ಕೊಳ್ಳಿ, ದಿನಕ್ಕೆ ಒಂದೂಮುಕ್ಕಾಲು ಸೆಕೆಂಡ್ ಆಚೀಚೆ. ತಿಂಗಳಿಗೆ ಹತ್ತಿರ ಹತ್ತಿರ ಒಂದು ನಿಮಿಷ.

ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು. ಕೈಯಲ್ಲಿ ಎಚ್‌ಎಂಟಿ ವಾಚು, ಕಿವಿ ಭದ್ರಾವತಿ ಆಕಾಶವಾಣಿ ಕಡೆ. ವಾರ್ತೆಗೆ ಮುಂಚೆ ‘ಪಿಪ್ ಪಿಪ್’ ಅಂತ ಬಂದ ತಕ್ಷಣ ವಾಚಿನ ಕೀಲಿ ಎಳೆದು ಮುಳ್ಳು ಸರಿ ಮಾಡ್ತಿದ್ರು. ಅದು ಆ ಕಾಲದ ನೆಟ್‌ವರ್ಕ್ ಟೈಮ್ ಸಿಂಕ್. ನೆಟ್‌ವರ್ಕ್ ಅಂದ್ರೆ ರೇಡಿಯೋ, ಸೆಟ್ಟಿಂಗ್ಸ್ ಅಂದ್ರೆ ಕೀಲಿ, ಅಷ್ಟೇ ವ್ಯತ್ಯಾಸ.

ಕಡೂರಿಂದ ತರೀಕೆರೆಗೆ ಬೈಕಲ್ಲಿ

ಈಗ ಮುಖ್ಯ ಭಾಗ. ಇಂಟರ್‌ನೆಟ್ ಮೂಲಕ ಟೈಮ್ ಕೇಳೋ ವಿಧಾನಕ್ಕೆ ಎನ್‌ಟಿಪಿ ಅಂತಾರೆ, ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್. ಇದನ್ನು ಕಟ್ಟಿದ್ದು ಅಮೆರಿಕದ ವಿಜ್ಞಾನಿ ಡೇವಿಡ್ ಮಿಲ್ಸ್. ಮೊದಲ ಅಧಿಕೃತ ದಾಖಲೆ ಬಂದಿದ್ದು 1985ರಲ್ಲಿ. ಡೆಲಾವೇರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ದೃಷ್ಟಿ ಕುಂದುತ್ತಾ ಹೋದರೂ ದಶಕಗಟ್ಟಲೆ ಇದನ್ನು ತಿದ್ದಿ ತೀಡಿದ್ರು. 2024ರ ಜನವರಿಯಲ್ಲಿ ತೀರಿಕೊಂಡ್ರು.

ಅವರು ಬಿಡಿಸಿದ ಒಗಟು ಏನು ಗೊತ್ತಾ? ಫೋನ್ ಸರ್ವರ್‌ಗೆ ‘ಟೈಮ್ ಎಷ್ಟು?’ ಅಂತ ಕೇಳುತ್ತೆ. ಸರ್ವರ್ ‘10 ಗಂಟೆ’ ಅನ್ನುತ್ತೆ. ಆದ್ರೆ ಆ ಉತ್ತರ ಬಂದು ತಲುಪೋ ಹೊತ್ತಿಗೆ 10 ಗಂಟೆ ದಾಟಿರುತ್ತೆ! ಎಷ್ಟು ದಾಟಿದೆ ಅಂತ ತಿಳಿಯೋದು ಹೇಗೆ?

ಒಂದು ಲೆಕ್ಕ ಹಾಕೋಣ. ನಿಮ್ಮ ಕೈಲಿ ಫೋನ್ ಇಲ್ಲ, ಒಂದು ವಾಚ್ ಇದೆ. ಅದು ಸರಿ ಇದ್ಯಾ ಗೊತ್ತಿಲ್ಲ. ತರೀಕೆರೆಯ ಸ್ನೇಹಿತನ ಮನೆಯಲ್ಲಿ ಪಕ್ಕಾ ಸರಿಯಾದ ಗೋಡೆ ಗಡಿಯಾರ ಇದೆ. ಕಡೂರಿಂದ ಬೈಕ್ ಹತ್ತಿದ್ರಿ.

ಹೊರಟಾಗ ನಿಮ್ಮ ವಾಚಲ್ಲಿ 10:00. ತರೀಕೆರೆ ತಲುಪಿದಾಗ ಸ್ನೇಹಿತನ ಗೋಡೆ ಗಡಿಯಾರದಲ್ಲಿ 10:50. ಒಂದು ಟೀ ಕುಡಿದು ಹೊರಟಾಗ ಅದೇ ಗೋಡೆ ಗಡಿಯಾರದಲ್ಲಿ 11:00. ವಾಪಸ್ ಕಡೂರಿಗೆ ಬಂದಾಗ ನಿಮ್ಮ ವಾಚಲ್ಲಿ 11:30. ನಾಲ್ಕೇ ನಾಲ್ಕು ಸಂಖ್ಯೆ.

ಈಗ ಯೋಚಿಸಿ. ನಿಮ್ಮ ವಾಚ್ ಪ್ರಕಾರ ಒಟ್ಟು 90 ನಿಮಿಷ ಆಯ್ತು. ಅದರಲ್ಲಿ ಟೀಗೆ 10 ಹೋಯ್ತು. ಉಳಿದ 80 ನಿಮಿಷ ದಾರಿ. ಹೋಗೋಕೂ ಬರೋಕೂ ಒಂದೇ ಸಮಯ ಹಿಡೀತು ಅಂದ್ಕೊಂಡ್ರೆ ಒಂದು ಕಡೆಗೆ 40. ಹಾಗಾದ್ರೆ ತರೀಕೆರೆ ತಲುಪಿದಾಗ ನಿಮ್ಮ ವಾಚಲ್ಲಿ 10:40 ಆಗಿರಬೇಕು. ಆದ್ರೆ ಸರಿಯಾದ ಗಡಿಯಾರ 10:50 ಅಂತಿತ್ತು. ಅಂದ್ರೆ ನಿಮ್ಮ ವಾಚು 10 ನಿಮಿಷ ಹಿಂದೆ. ಮುಗೀತು!

ಗಮನಿಸಿ, ದಾರಿ ಎಷ್ಟು ಹೊತ್ತಿನದ್ದು ಅಂತ ಯಾರೂ ನಿಮಗೆ ಹೇಳಿರಲಿಲ್ಲ. ಬೇರೆ ಬೇರೆ ಸಮಯ ತೋರಿಸೋ ಎರಡು ಗಡಿಯಾರ ಇಟ್ಕೊಂಡೇ ದಾರಿಯ ಹೊತ್ತನ್ನೂ, ವಾಚಿನ ತಪ್ಪನ್ನೂ ಎರಡನ್ನೂ ಕಂಡುಹಿಡಿದ್ರಿ. ಎನ್‌ಟಿಪಿ ಮಾಡೋದು ಇಷ್ಟೇ. ನಿಮಿಷದ ಬದಲು ಮಿಲಿಸೆಕೆಂಡ್, ಬೈಕ್ ಬದಲು ಡೇಟಾ ಪ್ಯಾಕೆಟ್.

ಇದರಲ್ಲಿ ಒಂದು ತೂತಿದೆ. ವಾಪಸ್ ಬರುವಾಗ ಮಾತ್ರ ರೈಲ್ವೆ ಗೇಟ್ ಬಿದ್ದು 20 ನಿಮಿಷ ನಿಂತ್ರಿ ಅಂದ್ಕೊಳ್ಳಿ. ವಾಚಲ್ಲಿ 11:50 ಆಯ್ತು. ಒಟ್ಟು 110, ಟೀ ಕಳೆದ್ರೆ 100, ಅರ್ಧ 50. ಲೆಕ್ಕದ ಪ್ರಕಾರ ತರೀಕೆರೆ ತಲುಪಿದಾಗ ವಾಚಲ್ಲಿ 10:50, ಗೋಡೆಯಲ್ಲೂ 10:50. ‘ನನ್ನ ವಾಚ್ ಸರಿ ಇದೆ’ ಅಂತ ನಂಬಿಬಿಡ್ತೀರಿ. 20 ನಿಮಿಷದ ಗೇಟು 10 ನಿಮಿಷದ ತಪ್ಪು ಕೊಡ್ತು, ಸರಿಯಾಗಿ ಅರ್ಧ. ಅದಕ್ಕೇ ಎನ್‌ಟಿಪಿ ಒಂದೇ ಸಲ ಕೇಳಿ ನಂಬಲ್ಲ. ಹಲವು ಸಲ ಕೇಳುತ್ತೆ, ಸಾಧ್ಯ ಆದ್ರೆ ಹಲವು ಸರ್ವರ್‌ಗಳನ್ನು ಕೇಳುತ್ತೆ, ಬೇಗ ಹೋಗಿ ಬಂದ ಉತ್ತರಕ್ಕೆ ಹೆಚ್ಚು ಬೆಲೆ ಕೊಡುತ್ತೆ. ಗೇಟ್ ಬೀಳದ ಟ್ರಿಪ್ಪನ್ನು ಆರಿಸ್ಕೊಳ್ಳುತ್ತೆ ಅಂತಿಟ್ಕೊಳ್ಳಿ.

ಸ್ನೇಹಿತನ ಗಡಿಯಾರಕ್ಕೆ ಟೈಮ್ ಹೇಳಿದ್ದು ಯಾರು?

ಒಳ್ಳೆ ಪ್ರಶ್ನೆ. ಈ ಏಣಿಯ ತುದಿಯಲ್ಲಿ ಪರಮಾಣು ಗಡಿಯಾರ ಇರುತ್ತೆ. 1967ರಿಂದ ಒಂದು ಸೆಕೆಂಡ್ ಅಂದ್ರೆ ಸೀಸಿಯಂ ಪರಮಾಣುವಿಗೆ ಸಂಬಂಧಿಸಿದ ತರಂಗದ 9,192,631,770 ಕಂಪನ. ಭಾರತದಲ್ಲಿ ಈ ಸಮಯವನ್ನು ಕಾಯೋದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ, ಎನ್‌ಪಿಎಲ್. ಗಡಿಯಾರವೇ ಶೂನ್ಯ ಮೆಟ್ಟಿಲು. ಅದಕ್ಕೆ ನೇರ ತಗುಲಿಕೊಂಡ ಸರ್ವರ್ ಒಂದನೇ ಮೆಟ್ಟಿಲು. ಅದನ್ನು ಕೇಳೋದು ಎರಡನೇದು. ಹೀಗೆ ಇಳೀತಾ ಇಳೀತಾ ನಿಮ್ಮ ಜೇಬಿಗೆ ಬರುತ್ತೆ. ಸಂಜೆ 4ರ ರೈಲ್ವೆ ಸಮಯ ನೆನಪಾಯ್ತಾ? ಅದೇ ಏಣಿ.

ನಮ್ಮ ರಾಜ್ಯಕ್ಕೂ ಇದರಲ್ಲಿ ಪಾಲಿದೆ. ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿ ಇಸ್ರೋ 2013ರಲ್ಲಿ ನ್ಯಾವಿಗೇಷನ್ ಕೇಂದ್ರ ಶುರು ಮಾಡ್ತು. ನಾವಿಕ್ ಉಪಗ್ರಹಗಳಿಗೆ ಬೇಕಾದ ಸಮಯದ ವ್ಯವಸ್ಥೆ ಅಲ್ಲಿದೆ. ಹಾಗೇ ದೇಶಕ್ಕೆಲ್ಲ ನಿಖರ ಭಾರತೀಯ ಕಾಲಮಾನ ಹಂಚೋಕೆ ಆರಿಸಿದ ಐದು ಕಾನೂನು ಮಾಪನ ಪ್ರಯೋಗಾಲಯಗಳಲ್ಲಿ ಬೆಂಗಳೂರಿನದ್ದೂ ಒಂದು. ಉಳಿದವು ಅಹಮದಾಬಾದ್, ಭುವನೇಶ್ವರ, ಫರೀದಾಬಾದ್, ಗುವಾಹಟಿ.

2022ರ ಏಪ್ರಿಲ್ 28ರಂದು ಸರ್ಟ್-ಇನ್ ಸಂಸ್ಥೆ ಒಂದು ಆದೇಶ ಹೊರಡಿಸ್ತು. ಇಂಟರ್‌ನೆಟ್ ಸೇವೆ ಕೊಡೋರು, ಡೇಟಾ ಸೆಂಟರ್‌ಗಳು, ಕಂಪನಿಗಳು ತಮ್ಮ ಗಡಿಯಾರವನ್ನು ಎನ್‌ಪಿಎಲ್ ಅಥವಾ ಎನ್‌ಐಸಿ ಸರ್ವರ್‌ಗೆ, ಇಲ್ಲಾ ಅವುಗಳ ಜೊತೆ ತಾಳೆ ಆಗೋ ಸರ್ವರ್‌ಗೆ ಹೊಂದಿಸಿಕೊಳ್ಳಬೇಕು ಅಂತ. ಯಾಕೆ? ಸೈಬರ್ ಮೋಸ ಆದಾಗ ಯಾವ ಕಂಪ್ಯೂಟರ್‌ನಲ್ಲಿ ಯಾವುದು ಮೊದಲು ಆಯ್ತು ಅಂತ ಹೇಳ್ಬೇಕಲ್ಲ. ಗಡಿಯಾರಗಳು ತಾಳೆ ಆಗದಿದ್ರೆ ಕಳ್ಳ ಬರೋಕೆ ಮುಂಚೆನೇ ದುಡ್ಡು ಹೋಯ್ತು ಅನ್ನೋ ಥರ ದಾಖಲೆ ಕಾಣುತ್ತೆ.

ತಪ್ಪಿದ್ರೆ ನಮಗೇನು ನಷ್ಟ?

ಒಂದೊಂದಾಗಿ ನೋಡೋಣ.

ಮೊದಲನೇದು, ಸುರಕ್ಷಿತ ಸಂಪರ್ಕ. ಪ್ರತಿ ವೆಬ್‌ಸೈಟಿಗೂ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬರೆದಿರುತ್ತೆ. ಬಸ್ ಪಾಸ್ ಥರ. ನಿಮ್ಮ ಫೋನಿನ ದಿನಾಂಕ ಆ ಅವಧಿಯ ಹೊರಗಿದ್ರೆ ಫೋನ್ ‘ಇದು ಅವಧಿ ಮುಗಿದ ಪಾಸು’ ಅಂತ ಬಾಗಿಲು ಹಾಕುತ್ತೆ. ಪಾಸು ಸರಿಯಾಗೇ ಇತ್ತು, ಕಂಡಕ್ಟರ್ ಕೈಲಿರೋ ಕ್ಯಾಲೆಂಡರ್ ತಪ್ಪು.

ಎರಡನೇದು, ಅಥೆಂಟಿಕೇಟರ್ ಆ್ಯಪ್‌ಗಳ ಆರಂಕಿ ಕೋಡ್. ಅದು ಎಸ್‌ಎಂಎಸ್‌ನಲ್ಲಿ ಬರೋ ಓಟಿಪಿ ಅಲ್ಲ. ನಿಮ್ಮ ಫೋನೂ ಸರ್ವರೂ ಅವರವರ ಗಡಿಯಾರ ನೋಡಿ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ, ಬೇರೆ ಬೇರೆಯಾಗಿ ಲೆಕ್ಕ ಹಾಕ್ತವೆ. ಗಡಿಯಾರ ಎರಡು ಮೂರು ನಿಮಿಷ ತಪ್ಪಿದ್ರೆ ಸಾಕು, ನೀವು ಎಷ್ಟೇ ಸರಿಯಾಗಿ ಟೈಪ್ ಮಾಡಿದ್ರೂ ‘ತಪ್ಪು ಕೋಡ್’.

ಮೂರನೇದು, ತತ್ಕಾಲ್ ಟಿಕೆಟ್. ಸ್ಲೀಪರ್‌ಗೆ 11 ಗಂಟೆಗೆ ಶುರು. 11 ಆಗೋದು ರೈಲ್ವೆಯ ಸರ್ವರ್‌ನಲ್ಲಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಲ್ಲ. ನಿಮ್ಮದು 40 ಸೆಕೆಂಡ್ ಹಿಂದೆ ಇದ್ರೆ, ನೀವು ‘ಈಗ!’ ಅಂತ ಒತ್ತೋ ಹೊತ್ತಿಗೆ ಸೀಟು ಬೇರೆಯವರದ್ದು.

ನಾಲ್ಕನೇದು, ಇದು ಸ್ವಲ್ಪ ಮನಸ್ಸಿಗೆ ತಾಗೋದು. ಆಧಾರ್ ದೃಢೀಕರಣದಲ್ಲಿ ಬೆರಳಚ್ಚಿನ ಜೊತೆ ಸಮಯವೂ ಹೋಗುತ್ತೆ. ಆ ವ್ಯವಸ್ಥೆಯಲ್ಲಿ ಇದಕ್ಕೇ ಅಂತ ಎರಡು ಎರರ್ ಕೋಡ್ ಇವೆ. 561 ಅಂದ್ರೆ ‘ವಿನಂತಿ ಹಳೆಯದು’. 562 ಅಂದ್ರೆ ‘ಸಮಯ ಭವಿಷ್ಯದ್ದು’. ಕೌಂಟರ್‌ನಲ್ಲಿ ಅಜ್ಜಿಯೊಬ್ಬರು ಬೆರಳು ಒರೆಸಿ ಒರೆಸಿ ಇಡ್ತಾರೆ, ಆಗಲ್ಲ. ಕೆಲಸ ಮಾಡಿ ಮಾಡಿ ಬೆರಳಿನ ಗೆರೆ ಸವೆದಿದೆ ಅಂತ ಎಲ್ಲರೂ ಅಂದ್ಕೊಳ್ತಾರೆ. ಎಷ್ಟೋ ಸಲ ಅದೇ ನಿಜ ಇರಬಹುದು. ಆದ್ರೆ ಪರದೆ ಮೇಲೆ 562 ಬಂದಿದ್ರೆ ತಪ್ಪು ಅಜ್ಜಿಯ ಬೆರಳಿನದ್ದಲ್ಲ, ಯಂತ್ರದ ಗಡಿಯಾರದ್ದು. ಪಕ್ಕದಲ್ಲಿ ನಿಂತಿರೋ ನೀವು ಆ ನಂಬರ್ ಓದಿ ಹೇಳಿದ್ರೆ ಒಂದು ಮನೆಯ ಒಂದು ದಿನ ಉಳಿಯುತ್ತೆ.

ಐದನೇದು, ಸಿಸಿಟಿವಿ. ಅಡಿಕೆ ಒಣಗಿಸೋ ಅಂಗಳಕ್ಕೆ ಕ್ಯಾಮೆರಾ ಹಾಕಿಸಿದ್ದೀರಿ ಅಂತಿಟ್ಕೊಳ್ಳಿ. ರಾತ್ರಿ 2 ಗಂಟೆಗೆ ಮೂಟೆ ಹೋಯ್ತು. ರೆಕಾರ್ಡರ್ ಗಡಿಯಾರ ಕರೆಂಟ್ ಹೋಗಿ ಬಂದು ಐದೂವರೆ ಗಂಟೆ ಹಿಂದೆ ಬಿದ್ದಿದೆ. ವಿಡಿಯೋದಲ್ಲಿ ಹಿಂದಿನ ದಿನದ ರಾತ್ರಿ 8:30 ಅಂತ ಬರುತ್ತೆ. ಅನುಮಾನ ಬಂದವನು ‘8:30ಕ್ಕೆ ನಾನು ಜಾತ್ರೆಯಲ್ಲಿದ್ದೆ, ನೂರು ಜನ ನೋಡಿದ್ದಾರೆ’ ಅಂತಾನೆ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ವಿಡಿಯೋ ಜೊತೆ ಪ್ರಮಾಣಪತ್ರವನ್ನೂ ಕೊಡಬೇಕು. ಗಡಿಯಾರವೇ ತಪ್ಪಿದ್ರೆ ವಾದ ಮಾಡೋರಿಗೆ ನಾವೇ ದಾರಿ ಕೊಟ್ಟ ಹಾಗೆ.

ಸರಿ ಮಾಡೋದು ಹೇಗೆ?

ಫೋನ್ ಕೈಗೆ ತಗೊಳ್ಳಿ. ಬೈಕ್ ಓಡಿಸ್ತಿದ್ರೆ ಬೇಡ, ಆಮೇಲೆ ನೋಡಿ.

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಡೇಟ್ ಆ್ಯಂಡ್ ಟೈಮ್. ಸ್ಯಾಮ್‌ಸಂಗ್‌ನಲ್ಲಿ ಇದು ‘ಜನರಲ್ ಮ್ಯಾನೇಜ್‌ಮೆಂಟ್’ ಒಳಗಿರುತ್ತೆ. ಸಿಗದಿದ್ರೆ ಸೆಟ್ಟಿಂಗ್ಸ್ ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ‘ಡೇಟ್’ ಅಂತ ಹುಡುಕಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಡೇಟ್ ಆ್ಯಂಡ್ ಟೈಮ್. ಸಮಯವೂ ಸಮಯ ವಲಯವೂ ಆಟೋಮ್ಯಾಟಿಕ್ ಇರಲಿ. ವಲಯ ಕೈಯಾರೆ ಹಾಕೋದಾದ್ರೆ ‘ಕೋಲ್ಕತ್ತ, 5:30 ಮುಂದೆ’ ಅನ್ನೋದು. ನಾವು ಕಡೂರಿನವರಾದ್ರೂ ಹಲವು ಸಾಧನಗಳ ಪಟ್ಟಿಯಲ್ಲಿ ಭಾರತಕ್ಕೆ ಕೋಲ್ಕತ್ತದ ಹೆಸರೇ ಇರುತ್ತೆ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಟೈಮ್ ತಪ್ಪು ಕಂಡ್ರೆ ಮೊದಲು ವಲಯ ನೋಡಿ, ಆಮೇಲೆ ಮುಳ್ಳು ಮುಟ್ಟಿ. ಫೋನ್ ತನ್ನ ಒಳಗೆ ಇಡೋದು ವಿಶ್ವ ಸಮಯ, ಯುಟಿಸಿ. ನಮಗೆ ತೋರಿಸುವಾಗ ಅದಕ್ಕೆ ಐದೂವರೆ ಗಂಟೆ ಕೂಡಿಸುತ್ತೆ. ವಲಯ ತಪ್ಪಾಗಿ ಗ್ರೀನ್‌ವಿಚ್ ಆಗಿದ್ರೆ ಬೆಳಗ್ಗೆ 10:30ಕ್ಕೆ ಪರದೆಯಲ್ಲಿ 5:00 ಕಾಣುತ್ತೆ. ನೀವು ವಲಯ ಬಿಟ್ಟು ಬರೀ ಸಮಯವನ್ನು 10:30 ಅಂತ ತಿದ್ದಿದ್ರೆ ಕಣ್ಣಿಗೆ ಸರಿ. ಆದ್ರೆ ಒಳಗಿನ ವಿಶ್ವ ಸಮಯ ಐದೂವರೆ ಗಂಟೆ ಭವಿಷ್ಯಕ್ಕೆ ಹೋಗಿರುತ್ತೆ. ‘ಟೈಮ್ ಸರಿಯಾಗೇ ತೋರಿಸ್ತಿದೆ, ಕೋಡ್ ಮಾತ್ರ ತಗೊಳ್ತಿಲ್ಲ’ ಅನ್ನೋರ ಕಥೆ ಹಲವು ಸಲ ಇದೇ.

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ ಒಳಗೆ ‘ಸಿಂಕ್ ನೌ’ ಬಟನ್ ಇದೆ. ಡೆಸ್ಕ್‌ಟಾಪ್ ಆನ್ ಮಾಡಿದಾಗೆಲ್ಲ ಹಳೆಯ ವರ್ಷ ತೋರಿಸಿದ್ರೆ ಒಳಗಿನ ನಾಣ್ಯದಂಥ ಸೆಲ್ ಮುಗಿದಿದೆ ಅಂತ ಅರ್ಥ. ಸಾಮಾನ್ಯವಾಗಿ ಸಿಆರ್ 2032 ನಂಬರಿನದ್ದು, ಹೊಸದು ಹಾಕಿ. ಕೆಲವು ಸಾಧನ 1970ರ ಜನವರಿ 1, ಬೆಳಗ್ಗೆ 5:30 ಅಂತ ತೋರಿಸ್ತವೆ. ಗಾಬರಿ ಬೇಡ. ಅವು ಎಣಿಕೆ ಶುರು ಮಾಡೋದೇ ಆ ದಿನದಿಂದ. ವಿಶ್ವ ಸಮಯದ ಸೊನ್ನೆ ನಮ್ಮಲ್ಲಿ 5:30. ‘ನನಗೆ ಟೈಮ್ ಗೊತ್ತಿಲ್ಲ’ ಅಂತ ಅವು ಹೇಳೋ ರೀತಿ ಅದು.

ಸಿಸಿಟಿವಿ ರೆಕಾರ್ಡರ್‌ನಲ್ಲಿ ನಾಲ್ಕು ಕೆಲಸ. ಒಂದು, ವಲಯ 5:30 ಮುಂದೆ. ಎರಡು, ‘ಡೇಲೈಟ್ ಸೇವಿಂಗ್’ ಆಫ್, ನಮ್ಮಲ್ಲಿ ಅದು ಇಲ್ಲ. ಮೂರು, ಎನ್‌ಟಿಪಿ ಆನ್. ನಾಲ್ಕು, ಸರ್ವರ್ ಹೆಸರು: ‘ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್’ ಅಥವಾ ‘ಸಮಯ್1 ಡಾಟ್ ಎನ್‌ಐಸಿ ಡಾಟ್ ಇನ್’. ಇಂಗ್ಲಿಷ್ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ ಬರೀಬೇಕು. ಪೋರ್ಟ್ ಕೇಳಿದ್ರೆ 123. ರೆಕಾರ್ಡರ್‌ಗೆ ಇಂಟರ್‌ನೆಟ್ ಇಲ್ವಾ? ಹಾಗಾದ್ರೆ ತಿಂಗಳಿಗೊಮ್ಮೆ ಫೋನ್ ಪಕ್ಕಕ್ಕಿಟ್ಟು ಕೈಯಾರೆ ತಿದ್ದಿ. ಕಳ್ಳತನ ಆದ ಮೇಲೆ ಮಾತ್ರ ಗಡಿಯಾರ ಮುಟ್ಟಬೇಡಿ. ಫೋನಿನ ಟೈಮೂ ರೆಕಾರ್ಡರ್ ಟೈಮೂ ಒಂದೇ ಫೋಟೋದಲ್ಲಿ ಬರೋ ಹಾಗೆ ತೆಗೆದಿಟ್ಟು, ಎಷ್ಟು ವ್ಯತ್ಯಾಸ ಇದೆ ಅಂತ ಪೊಲೀಸರಿಗೆ ಮೊದಲೇ ಹೇಳಿ.

ಇನ್ನು ಕೆಮ್ಮಣ್ಣುಗುಂಡಿ ಕಡೆ ಹೋಗಿ ಸಿಗ್ನಲ್ ಹೋದ್ರೆ? ಚಿಂತೆ ಇಲ್ಲ. ಒಂದೆರಡು ದಿನಕ್ಕೆ ಹರಳು ಸಾಕು. ವಾಪಸ್ ಬಂದು ನೆಟ್‌ವರ್ಕ್ ಸಿಕ್ಕ ಮೇಲೆ ಫೋನ್ ತಾನೇ ತಿದ್ದಿಕೊಳ್ಳುತ್ತೆ.

ಕೊನೆಗೆ ಒಂದು ಮಾತು. ಮನೆ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಡೋ ಅಭ್ಯಾಸ ನಮ್ಮ ಕಡೆ ಬಹಳ. ಬಸ್ ತಪ್ಪಬಾರದು ಅಂತ. ಅದನ್ನು ಹಾಗೇ ಬಿಡಿ, ಅಮ್ಮನ ಗಡಿಯಾರಕ್ಕೆ ಎನ್‌ಟಿಪಿ ಬೇಡ. ಆದ್ರೆ ಫೋನಿಗೆ ಆ ಉಪಾಯ ಮಾಡಬೇಡಿ. ಗೋಡೆ ಗಡಿಯಾರ ನೋಡೋದು ಮನೆಯವರು ಮಾತ್ರ. ಫೋನಿನ ಗಡಿಯಾರವನ್ನು ನಂಬಿ ನಿಮ್ಮ ಜೊತೆ ವ್ಯವಹಾರ ಮಾಡೋದು ಇಡೀ ಜಗತ್ತು.

ಈ ಸಂಚಿಕೆ ಮುಗಿದ ತಕ್ಷಣ ಮನೆಯಲ್ಲಿರೋ ಎಲ್ಲರ ಫೋನ್ ಒಂದು ಸಲ ನೋಡಿಬಿಡಿ. ತಮ್ಮನ ಫೋನಿಂದ ಶುರು ಮಾಡಿ, ಅವನು ಗೇಮ್ ಆಡ್ತಾನೆ.